ಹೇಳದೆ ಉಳಿದ ಮೂರು

ಗೋಕಾಕದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಧನ್ಯಕುಮಾರನಿಗೆ ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು 'ಹತ್ತರಾಗ ನಾಕು'. ಹೆಸರು ಅವನ ಕಿವಿಗೂ ಬಿದ್ದಿತ್ತು. ಬಿದ್ದಾಗಲೆಲ್ಲ ತುಸು ನಗುತ್ತಿದ್ದ. ನಕ್ಕ ಮೇಲೆ ಸುಣ್ಣ ಹತ್ತಿದ ಕೈಯನ್ನು ಕಾರಣವಿಲ್ಲದೆ ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ, ಬಿ.ಎಸ್ಸಿ. ಕಡೆಯ ವರ್ಷದವರಿಗೆ, ಪಠ್ಯದಲ್ಲಿಲ್ಲದ ಒಂದು ಪಾಠವನ್ನು ಅವನು ತಪ್ಪದೆ ಮಾಡುತ್ತಿದ್ದ. ಆ ಪಾಠದ ಉದಾಹರಣೆಯಿಂದಲೇ ಹೆಸರು ಹುಟ್ಟಿದ್ದು.

ಎರಡು ಸಾವಿರದ ಎರಡನೆಯ ಇಸವಿಯಲ್ಲೂ ಆ ಪಾಠದ ದಿನ ಬಂತು.

"ಎತ್ತರ ಇದ್ದಾವ್ರು ಕೈ ಎತ್ರಿ," ಎಂದ ಧನ್ಯಕುಮಾರ.

ಹಿಂದಿನ ಬೆಂಚಿನ ಮುತ್ತಪ್ಪ ಕೈಯನ್ನು ಕಿವಿಯ ತನಕ ತಂದು ಅಲ್ಲೇ ನಿಲ್ಲಿಸಿದ.

"ಏನೋ ಅದು, ಅರ್ಧಾ ಕೈ?"

"ನನಗ ಖಾತ್ರಿ ಇಲ್ರಿ ಸರ್. ಮನ್ಯಾಗ ಎತ್ತರ ಅಂತಾರ, ವಾಲಿಬಾಲ್ ಆಡಾವ್ರು ಗಿಡ್ಡ ಅಂತಾರ."

ಕ್ಲಾಸು ನಕ್ಕಿತು. ಧನ್ಯಕುಮಾರನಿಗೆ ಬೇಕಾದದ್ದೂ ಅದೇ. ಹಳೆಯ ಗಣಿತದಲ್ಲಿ ಒಂದು ವಸ್ತು ಗಣದ ಒಳಗಿರಬೇಕು, ಇಲ್ಲವೇ ಹೊರಗಿರಬೇಕು. ಹೊಸ್ತಿಲ ಮೇಲೆ ನಿಲ್ಲುವವರಿಗೆ ಜಾಗವಿಲ್ಲ ಎಂದು ಹೇಳಿದ. ಆಮೇಲೆ ಬಂದವರು ಮುತ್ತಪ್ಪನಂಥವರ ಮೇಲೆ ಕರುಣೆ ತೋರಿ, ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆಯಿಂದ ಸೇರಿಕೆಯನ್ನು ಅಳೆದರು. ಅದು ಅಸ್ಪಷ್ಟ ಗಣ. ಮುತ್ತಪ್ಪ ಎತ್ತರದವರ ಗಣಕ್ಕೆ ಹತ್ತರಲ್ಲಿ ಆರರಷ್ಟು ಸೇರಿದರೆ ಉಳಿದ ನಾಲ್ಕರಷ್ಟು ಸೇರುವುದಿಲ್ಲ. ಅಲ್ಲಿಯೂ ಒಂದು ಆತುರವಿತ್ತು: ಹೌದು ಎನ್ನದೆ ಉಳಿದದ್ದನ್ನೆಲ್ಲ ಅದು ಇಲ್ಲ ಎಂದೇ ತಿಳಿಯಿತು. ಎಂಬತ್ತರ ದಶಕದಲ್ಲಿ ಬಲ್ಗೇರಿಯಾದ ಗಣಿತಜ್ಞರೊಬ್ಬರು, ಹೌದಿಗೊಂದು ಇಲ್ಲಕ್ಕೊಂದು ಬೇರೆ ಬೇರೆ ಸಂಖ್ಯೆ ಇಡೋಣ ಎಂದರು. ಧನ್ಯಕುಮಾರ ಬಾಣದ ಮೊನೆಯಂಥ ಎರಡು ಆವರಣ ಎಳೆದು ನಡುವೆ ಬರೆದ:

⟨x, μ, ν⟩

"x ಅಂದ್ರ ನಮ್ಮ ವಸ್ತು. ಮ್ಯೂ ಅಂದ್ರ ಅದು ಎಷ್ಟು ಸೇರತೈತಿ. ನ್ಯೂ ಅಂದ್ರ ಎಷ್ಟು ಸೇರೂದಿಲ್ಲ. ಎರಡೂ ಕೂಡಿ ಒಂದನ್ನ ದಾಟಬಾರದು. ಆದ್ರ ಒಂದು ಆಗಲೇಬೇಕಂತ ಏನಿಲ್ಲ. ಎಷ್ಟು ಕಡಿಮಿ ಬೀಳತೈತೋ ಅಷ್ಟು ನಮಗ ಗೊತ್ತಿಲ್ಲದ್ದು. ಅದಕ್ಕ ಪೈ ಅಂತಾರ. ಅದನ್ನ ಇಲ್ಲಿ ಬರಿಯೂ ಪದ್ಧತಿ ಇಲ್ಲ. ಎರಡು ಕೊಟ್ರ ಸಾಕು, ಮೂರನೇದನ್ನ ಓದಾವ್ರು ಕಳದು ತಕ್ಕೊತಾರ."

ಅದರ ಪೂರ್ತಿ ಹೆಸರನ್ನು ಬೋರ್ಡಿನ ಮೇಲೆ ಬರೆದ: ಅಂತಃಪ್ರಜ್ಞಾತ್ಮಕ ಅಸ್ಪಷ್ಟ ಗಣ.

"ಹೆಸರು ಬರ್ಯೂದ್ರಾಗ ಪಿರಿಯಡ್ ಮುಗೀತೈತ್ರಿ ಸರ್," ಎಂದಿತು ಒಂದು ದನಿ.

"ಅದಕ್ಕ ಉದಾಹರಣೆ ತಗೋರಿ. ಒಬ್ಬ ಪೇಶೆಂಟ್ ಅದಾನ. ಬೆನ್ನಹುರಿಯಾಗ ಗಂಟು. ಆಪರೇಷನ್ ಮಾಡಿದ್ರ ಹೆಂಗ ಅಂತ ಡಾಕ್ಟರನ್ನ ಕೇಳಿದ್ರು. ಹತ್ತರಾಗ ನಾಕು ಮಂದಿ ಎದ್ದು ಅಡ್ಡಾಡ್ಯಾರ, ಮೂರು ಮಂದಿಗೆ ಕೆಟ್ಟೈತಿ, ಉಳದ ಮೂರು ಮಂದಿ ತಿರಗಿ ನಮ್ಮ ಕಡೆ ಬರಲೇ ಇಲ್ಲ, ಅವರದು ನನಗ ಗೊತ್ತಿಲ್ಲ ಅಂದ್ರು ಡಾಕ್ಟರ್. ಈಗ ಬರೀರಿ. ಮ್ಯೂ ಎಷ್ಟು?"

"ಸೊನ್ನೆ ದಶಾಂಶ ನಾಕು," ಎಂದರು ಎಲ್ಲರೂ.

"ನ್ಯೂ?"

ಕೆಲವರು ಆರು ಎಂದರು, ಕೆಲವರು ಮೂರು ಎಂದರು. ಆರು ಎಂದವರ ಕಡೆ ತಿರುಗಿ ಧನ್ಯಕುಮಾರ ಎಂದಿನಂತೆ ನಕ್ಕ. ಅಲ್ಲಿಗೆ ಪಾಠ ಮುಗಿಯಬೇಕು. ಆದರೆ ಮುಂದಿನ ಬೆಂಚಿನಲ್ಲಿ ಕೂತಿದ್ದ ಮಾಲಾ ಎದ್ದು ನಿಂತಳು. ಮೂಡಲಗಿಯ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಯಾವುದನ್ನೂ ಅರ್ಧಕ್ಕೆ ಬಿಡದವಳು.

"ಸರ್, ಆ ಪೇಶೆಂಟ್ ಮುಂದ ಏನಾದ್ರು?"

"ಏ, ಉದಾಹರಣೆ ಅದು," ಎಂದ ಮುತ್ತಪ್ಪ ಹಿಂದಿನಿಂದ. "ರೈಲು ಲೆಕ್ಕದಾಗಿನ ರೈಲು ಯಾವ ಊರು ಮುಟ್ಟಿತಂತ ಕೇಳ್ತಿಯೇನು?"

ಎಲ್ಲರೂ ನಕ್ಕರು. ಮಾಲಾ ನಗಲಿಲ್ಲ. "ಉದಾಹರಣೆ ಅಷ್ಟ," ಎಂದು ಧನ್ಯಕುಮಾರ ಬೋರ್ಡು ಒರೆಸಿದ. ಬರಹ ಹೋದ ಮೇಲೂ ಅದೇ ಜಾಗದಲ್ಲಿ ಡಸ್ಟರು ಆಡಿಸುತ್ತಲೇ ಇದ್ದ.

ಅದು ಉದಾಹರಣೆಯಾಗಿರಲಿಲ್ಲ. ಅದು ಅವನ ಅಪ್ಪ ನೇಮಣ್ಣ.

ಯಮಕನಮರಡಿಯಲ್ಲಿ, ಹೆದ್ದಾರಿಯ ಬಾಜೂಕ್ಕೆ, ನೇಮಣ್ಣನದೊಂದು ಕಿರಾಣಿ ಅಂಗಡಿ. ವಾರಕ್ಕೊಮ್ಮೆ ಬೆಲ್ಲದ ಪೆಂಟಿಗಳನ್ನು, ದೊಡ್ಡ ಅಚ್ಚುಗಳನ್ನು, ಹೇರಿಕೊಂಡು ಹುಕ್ಕೇರಿಯ ಸಂತೆಗೆ ಹೋಗುತ್ತಿದ್ದ. ಪೆಂಟಿಯನ್ನು ಬೆರಳಿನಿಂದ ತಟ್ಟಿ, ಸಪ್ಪಳ ಕೇಳಿ, ಯಾವ ಊರಿನ ಗಾಣದ್ದೆಂದು ಹೇಳುವುದು ಅವನ ಶೋಕಿ. ಹತ್ತಕ್ಕೆ ಐದು ಸಲ ತಪ್ಪುತ್ತಿದ್ದ, ಆದರೂ ಹೇಳುತ್ತಿದ್ದ. ತೊಂಬತ್ತೇಳರ ಚಳಿಗಾಲದಲ್ಲಿ ಆ ಮನುಷ್ಯನ ಕಾಲುಗಳು ಜೋಮು ಹಿಡಿದವು. ಮೊದಲು ಚಪ್ಪಲಿ ಜಾರಿದ್ದು ಗೊತ್ತಾಗದೆ ನಡೆದ, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಲು ಬಾಗಿಲ ಚೌಕಟ್ಟು ಹಿಡಿಯಬೇಕಾಯಿತು. ಧನ್ಯಕುಮಾರ ಅವನನ್ನು ಬೆಳಗಾವಿಗೆ ಕರೆದೊಯ್ದ. ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಮಲಗಿಸಿ ಒಬ್ಬನೇ ಒಳಗೆ ಹೋದ. ಆಪರೇಷನ್ ಮಾಡದಿದ್ದರೆ ಕಾಲು ಪೂರ್ತಿ ಹೋಗುತ್ತವೆ ಎಂದರು ಡಾಕ್ಟರು. ಮಾಡಿದರೆ ಎಂದು ಇವನು ಕೇಳಿದ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು: ನಾಲ್ಕು, ಮೂರು, ಉಳಿದ ಮೂರು.

ಧನ್ಯಕುಮಾರ ಆಗ ಧಾರವಾಡದಲ್ಲಿ ಎಂ.ಫಿಲ್. ಮಾಡುತ್ತಿದ್ದ. ಅವನ ವಿಷಯವೇ ಈ ಗಣಗಳು. ಒಳ್ಳೆಯ ಉದಾಹರಣೆಯೊಂದು ಸಿಗದೆ ತಿಂಗಳುಗಟ್ಟಲೆ ಒದ್ದಾಡಿದ್ದ. ಡಾಕ್ಟರರ ಮಾತು ಕೇಳಿದ ಆ ಗಳಿಗೆಯಲ್ಲಿ, ಗೋಡೆಯ ಆಚೆ ಅಪ್ಪ ಕೆಮ್ಮುತ್ತಿರುವಾಗ, ಅವನ ಎದೆಯೊಳಗೆ ಸಣ್ಣದೊಂದು ಹಿಗ್ಗು ಎದ್ದಿತ್ತು: ಸಿಕ್ಕಿತು. ಆ ಹಿಗ್ಗನ್ನು ಅವನು ಎಂದೂ ಮರೆಯಲಿಲ್ಲ. ಮರೆತಿದ್ದರೆ ಬದುಕು ತುಸು ಹಗುರಾಗುತ್ತಿತ್ತು.

ಊರಿಗೆ ಬಂದಾಗ ಅವ್ವ ಇಂದುಬಾಯಿ ಆಗಷ್ಟೇ ತವರೂರು ಹುಕ್ಕೇರಿಯ ಬಸದಿಯಿಂದ ಬಂದಿದ್ದಳು. ಮನೆಯ ದೊಡ್ಡ ಕೆಲಸಗಳಿಗೆಲ್ಲ ಅವಳು ಪದ್ಮಾವತಿ ಅಮ್ಮನವರ ಮುಂದೆ ಹೂವು ಕೇಳುತ್ತಿದ್ದಳು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಆ ದಿನ ಎಷ್ಟು ಹೊತ್ತು ಕೂತರೂ ಹೂವು ಬಿದ್ದಿರಲಿಲ್ಲ. "ಅಮ್ಮ ಸುಮ್ಮನ ಅದಾಳ," ಎಂದಿದ್ದರು ಪೂಜೆಯ ಉಪಾಧ್ಯೆಯರು. "ತಿಳದವರನ್ನ ಕೇಳ್ರಿ." ಅವಳಿಗೆ ಗೊತ್ತಿದ್ದ ತಿಳಿದವನೆಂದರೆ ಮಗ. ಸೆರಗಿನಲ್ಲಿ ಪ್ರಸಾದದ ಅಕ್ಕಿ ಕಟ್ಟಿಕೊಂಡೇ ಅವನ ಮುಂದೆ ಕೂತಳು.

"ಡಾಕ್ಟರು ಏನಂದ್ರೋ?"

"ಹತ್ತರಾಗ ನಾಕು ಮಂದಿ ಆರಾಮ ಆಗ್ತಾರ ಅಂದ್ರು."

"ಅಂದ್ರ ಆರು ಮಂದಿ ಆಗೂದಿಲ್ಲ."

ಅವನು ಮಾತಾಡಲಿಲ್ಲ.

"ನಾ ಅವರನ್ನ ಆರು ಮಂದಿ ಕಡೆ ಕಳಸೂದಿಲ್ಲಪಾ," ಎಂದಳು ಇಂದುಬಾಯಿ. "ಕಾಲು ಹೋದ್ರ ಹೋಗಲಿ. ಮನುಷ್ಯಾ ಇರಲಿ."

ಆಗಲೂ ಅವನು ಮಾತಾಡಲಿಲ್ಲ. ಕೆಟ್ಟದ್ದು ಆರಲ್ಲ, ಮೂರು. ಉಳಿದ ಮೂರು ಯಾರಿಗೂ ಗೊತ್ತಿಲ್ಲದ್ದು ಎಂದು ಹೇಳಲು ಒಂದು ಉಸಿರು ಸಾಕಿತ್ತು. ಮುಂದೆ ಎಷ್ಟೋ ವರ್ಷ ಅವನು ಆ ಮೌನವನ್ನು ಬಿಚ್ಚಿ ಬಿಚ್ಚಿ ನೋಡಿದ. ಅದರಲ್ಲಿ ಹೆದರಿಕೆಯಿತ್ತು: ಆಪರೇಷನ್ ಮಾಡಿಸಿ ಅಪ್ಪ ಹೋದರೆ ಮಾಡಿಸಿದವನು ತಾನಾಗುತ್ತೇನೆ. ಮುಂದಿನ ವಾರ ಧಾರವಾಡದಲ್ಲಿ ಓದಬೇಕಿದ್ದ ಪ್ರಬಂಧವೂ ಇತ್ತು. ಅವ್ವನೇ ಬೇಡವೆಂದಳಲ್ಲ ಎಂಬ ನಿರಾಳವೂ ಇತ್ತು. ಎಷ್ಟು ಹೆದರಿಕೆ, ಎಷ್ಟು ಸ್ವಾರ್ಥ ಎಂದು ಅಳೆಯಲು ಹೋದರೆ ಪ್ರತಿ ಸಲ ಒಂದಿಷ್ಟು ಉಳಿಯುತ್ತಿತ್ತು. ಅದಕ್ಕೆ ಅವನ ಬಳಿ ಹೆಸರಿರಲಿಲ್ಲ.

ಧಾರವಾಡದಲ್ಲಿ ಅವನ ಉದಾಹರಣೆಯನ್ನು ಹಿರಿಯರೆಲ್ಲ ಹೊಗಳಿದರು. ನೇಮಣ್ಣನ ಕಾಲುಗಳು ಮೊದಲು ಹೋದವು, ಎರಡು ಮಳೆಗಾಲ ಕಳೆದು ಅವನೂ ಹೋದ. ಹಾಸಿಗೆಯಲ್ಲಿದ್ದಾಗಲೂ ಗಿರಾಕಿಗಳು ಪೆಂಟಿ ತಂದು ತೋರಿಸಿದರೆ ತಟ್ಟಿ ನೋಡಿ ಊರಿನ ಹೆಸರು ಹೇಳುತ್ತಿದ್ದ. ಅಪ್ಪ ಹೋದ ಮೇಲೆ ಅಂಗಡಿ ತಮ್ಮ ಅಭಿನಂದನನ ಪಾಲಿಗೆ ಬಂತು. ಅವ್ವ ಹಿರಿಯ ಮಗನ ಜೊತೆ ಗೋಕಾಕಕ್ಕೆ ಬಂದಳು. ಬರುವ ಮುಂಚೆ, ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಎದುರು ಕೈ ಮುಗಿದು, ಬೆಲ್ಲ ಸಕ್ಕರೆ ಎರಡನ್ನೂ ಜೀವ ಇರುವ ತನಕ ಬಿಟ್ಟಳು. ಯಾಕೆಂದು ಸೊಸೆ ಕೇಳಿದಾಗ, "ನಾ ಬ್ಯಾಡ ಅಂದ್ನೆವಾ," ಎಂದಳು. "ಅವರು ನಡ್ಯಾವ್ರಿದ್ರೋ ಏನೋ. ನಾ ಬ್ಯಾಡ ಅಂದ್ನಿ."

ಅಂದಿನಿಂದ ದಿನಾ ಬೆಳಗ್ಗೆ ಧನ್ಯಕುಮಾರನ ಎದುರು ಅವ್ವ ಕೂತು ಸಪ್ಪನ ಚಾ ಕುಡಿಯುತ್ತಿದ್ದಳು. ಮುಖ ಕಿವುಚುತ್ತಿರಲಿಲ್ಲ. ಕಿವುಚಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು ಅವನಿಗೆ. ಅದು ತನ್ನ ಪಾಲಿಗೆ ಬರಬೇಕಾಗಿದ್ದ ಚಾ ಎಂದು ಅವನಿಗೆ ಗೊತ್ತಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದ. ತೆರೆದ ಬಾಯಿಗೆ ತಾನೇ ಚಾ ಸುರಿದುಕೊಂಡು ಕಾಲೇಜಿಗೆ ಎದ್ದುಹೋಗುತ್ತಿದ್ದ. ಹೇಳಿದರೆ ಅವ್ವನ ಭಾರ ಇಳಿಯುತ್ತದೆ, ಆದರೆ ತನ್ನನ್ನು ತಿಳಿದವನೆಂದು ನೋಡುವ ಆ ಕಣ್ಣುಗಳು ಮತ್ತೆ ಸಿಗುವುದಿಲ್ಲ.

ಭಾದ್ರಪದದ ಪರ್ವ ಮುಗಿದ ಮೇಲೆ ಕ್ಷಮಾವಳಿಯ ದಿನ ಬರುತ್ತದೆ. ಜೈನರ ಮನೆಗಳಲ್ಲಿ ಅಂದು ಚಿಕ್ಕವರು ದೊಡ್ಡವರಿಗೆ, ದೊಡ್ಡವರು ಚಿಕ್ಕವರಿಗೆ ಕೈ ಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಕ್ಷಮೆ ಕೇಳುತ್ತಾರೆ. ಯಾವ ತಪ್ಪೆಂದು ಹೇಳಬೇಕಿಲ್ಲ, ಯಾರೂ ಕೇಳುವುದೂ ಇಲ್ಲ. ವರ್ಷ ವರ್ಷ ಧನ್ಯಕುಮಾರ ಅವ್ವನ ಕಾಲು ಮುಟ್ಟಿ ಆ ಮಾತು ಹೇಳಿದ, ಅವಳು ಅವನ ತಲೆ ಸವರಿ "ಕ್ಷಮಾ ಇರಲಿ" ಎಂದಳು. ಆ ಕ್ಷಮೆ ಅವನ ಮೇಲಿಂದ ನೀರಿನಂತೆ ಹರಿದುಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಮಾಲಾ ಪ್ರಶ್ನೆ ಕೇಳಿದ ಆ ವರ್ಷದ ಕ್ಷಮಾವಳಿ ಭಾನುವಾರ ಬಂದಿತ್ತು. ಅವನಿನ್ನೂ ಅವ್ವನ ಮುಂದೆ ಬಾಗಿರಲಿಲ್ಲ. ಬಾಗಿಲಲ್ಲಿ ಮಾಲಾ ನಿಂತಿದ್ದಳು, ಅವಳ ಹಿಂದೆ ಹೆಗಲ ಮೇಲೆ ಚೀಲ ಹೊತ್ತ ಅವಳ ಅಪ್ಪ ಸತ್ತೆಪ್ಪ.

"ಮಾಸ್ತರಿಗೆ ಬರಿಗೈಲೆ ಹೆಂಗ ಬರೂದಂತ," ಎಂದು ಸತ್ತೆಪ್ಪ ಈರುಳ್ಳಿಯ ಚೀಲವನ್ನು ಪಡಸಾಲೆಯ ನಡುವೆ ಇಳಿಸಿದ. "ನಮ್ಮ ಹೊಲದ್ದ ಉಳ್ಳಾಗಡ್ಡಿ ರಿ."

ಮಾಲಾ ಹಣೆ ಹಣೆ ಬಡಿದುಕೊಂಡಳು. "ಅಪ್ಪಾ, ಜೈನರ ಮನಿ ಇದು, ಉಳ್ಳಾಗಡ್ಡಿ ತಿನ್ನೂದಿಲ್ಲ. ಬಸ್ಸಿನಾಗ ಹೇಳಿದ್ನಿಲ್ಲೋ?"

"ನೀ ಬಸ್ಸಿನಾಗ ಧಾರವಾಡ, ಧಾರವಾಡ ಅಂತ ಒಂದ ಸಮನ ಹೇಳಿದಿ. ಅದರಾಗ ಇದು ಎಲ್ಲಿ ಹೋತೋ."

ಇಂದುಬಾಯಿ ಒಳಗಿನಿಂದ ನಗುತ್ತಾ ಬಂದಳು. "ಇರಲಿ ಬಿಡ್ರಿ ಕಾಕಾ. ಹೊರಗ ಕಟ್ಟಿ ಮ್ಯಾಲ ಇಡ್ರಿ. ನಿಮ್ಮ ಉಳ್ಳಾಗಡ್ಡಿಗೂ ಇವತ್ತ ಕ್ಷಮಾ ಐತಿ."

ಸತ್ತೆಪ್ಪ ಬಂದದ್ದು ಸಲಹೆಗಾಗಿ. ಮಗಳಿಗೆ ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಸೆ. ಅವನಿಗೆ ಮನಸ್ಸಿದೆ, ಆದರೆ ಊರಿನವರ ಮಾತು ಕಾಲಿಗೆ ತೊಡಕಾಗಿತ್ತು.

"ನಮ್ಮ ಉದ್ದಪ್ಪ ಅಂತಾನ್ರಿ, ಹಿಂಗ ಕಲತ ಹುಡಿಗ್ಯಾರು ಹತ್ತು ಮಂದ್ಯಾಗ ಎರಡು ಮಂದಿ ನೌಕರಿ ಹಿಡದಾರಂತ. ಅಂದ್ರ ಎಂಟು ಮಂದಿದು ಹಾಳಾತಿಲ್ರಿ?"

"ಎರಡು ಹೌದು ಅಂದ್ರ ಎಂಟು ಇಲ್ಲ ಅಂತ ಅಲ್ಲಪ್ಪ," ಎಂದಳು ಮಾಲಾ. "ಉದ್ದಪ್ಪ ಕಾಕಾಗ ಆ ಎಂಟು ಮಂದಿ ಏನ್ ಮಾಡಾಕತ್ತಾರ ಗೊತ್ತೈತೇನು? ಸರ್ ಇದನ್ನ ಮೊನ್ನೆ ಕಲಿಸ್ಯಾರ. ಆಯಿ, ನೀವೂ ಕೇಳ್ರಿ, ಭಾಳ ಚಂದ ಐತಿ."

ಧನ್ಯಕುಮಾರ ಎದ್ದ. "ಮಾಲಾ, ಅದು ಈಗ ಬ್ಯಾಡ," ಎಂದ. ಮಾಸ್ತರರು ಸಂಕೋಚ ಪಡುತ್ತಿದ್ದಾರೆಂದು ತಿಳಿದ ಹುಡುಗಿ ಇನ್ನಷ್ಟು ಹುರುಪಿನಿಂದ ಹೇಳಿದಳು. ಒಬ್ಬ ಪೇಶೆಂಟ್. ಬೆನ್ನಹುರಿಯಲ್ಲಿ ಗಂಟು. ನಾಲ್ಕು ಮಂದಿ ಎದ್ದು ಅಡ್ಡಾಡಿದವರು. ಮೂರು ಮಂದಿ ಕೆಟ್ಟವರು. ಉಳಿದ ಮೂರು ಮಂದಿ, ತಿರುಗಿ ಬಾರದವರು, ಏನಾದರೆಂದು ಡಾಕ್ಟರರಿಗೂ ತಿಳಿಯದವರು.

ಇಂದುಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳುತ್ತಿದ್ದಳು. ಸುತ್ತುವುದು ನಿಂತಿತು.

"ಆ ಮೂರು ಮಂದಿನ್ನ ಕೆಟ್ಟವರ ಜೋಡಿ ಹಿಡ್ಯಾಕ ಬರೂದಿಲ್ಲೇನವಾ?"

"ಬರೂದಿಲ್ರಿ ಆಯಿ. ಎಲ್ಲಾರೂ ಅಲ್ಲೇ ತಪ್ಪತಾರ ನೋಡ್ರಿ. ನಾಕು ಅಂತ ಒಂದ ಹೇಳಿದ್ರ ಮಂದಿ ಆರನ್ನ ತಾವ ತುಂಬಿಕೊತಾರ. ಅದಕ್ಕ ಎರಡೂ ಹೇಳಬೇಕು ಅಂತಾರ ಸರ್."

"ಹೂವು ಬೀಳದಂಗ," ಎಂದಳು ಇಂದುಬಾಯಿ, ಯಾರಿಗೂ ಅಲ್ಲದಂತೆ. ಆಮೇಲೆ ಮಗನನ್ನು ನೋಡಿದಳು. ಧನ್ಯಕುಮಾರ ಆ ನೋಟವನ್ನು ತಾಳಲಾರದೆ ಕಟ್ಟೆಯ ಮೇಲಿನ ಉಳ್ಳಾಗಡ್ಡಿಯ ಚೀಲವನ್ನು ನೋಡಿದ. ಅವಳು ಚಾ ಮಾಡಿ ತಂದಳು. ಸತ್ತೆಪ್ಪ ಹೊರಟು ನಿಂತಾಗ, "ಧಾರವಾಡಕ್ಕ ಕಳಸ್ರಿ," ಎಂದಳು. "ಗೊತ್ತಿಲ್ಲದ್ದನ್ನ ಇಲ್ಲಾಂತ ತಿಳದು ಮಗಳನ್ನ ಕೂಡಸಬ್ಯಾಡ್ರಿ."

ಅವರು ಹೋದರು. ಹೆಂಡತಿ ಮಕ್ಕಳು ಬಸದಿಯಿಂದ ಇನ್ನೂ ಬಂದಿರಲಿಲ್ಲ. ಧನ್ಯಕುಮಾರ ಅವ್ವನ ಮುಂದೆ ನೆಲದ ಮೇಲೆ ಕೂತ. ವರ್ಷ ವರ್ಷ ಹೇಳಿದ ಮಾತು ನಾಲಿಗೆಗೆ ಬಂತು; ತಿಳಿದೋ ತಿಳಿಯದೆಯೋ ಎನ್ನುವಲ್ಲಿ ನಿಂತಿತು.

"ಡಾಕ್ಟರು ನಿನಗ ಮೂರೂ ಹೇಳಿದ್ರು," ಎಂದಳು ಇಂದುಬಾಯಿ.

"ಹೇಳಿದ್ರು."

"ಅಪ್ಪಗ ಹೇಳಿದಿ?"

"ಇಲ್ಲ."

"ನನಗ ತಿಳೀತಿರಲಿಲ್ಲ ಅಂತ ಬಿಟ್ಟಿಯೇನು?"

ಹೌದೆಂದರೆ ಸುಲಭವಿತ್ತು. "ಅಲ್ಲವ್ವಾ," ಎಂದ. "ನನಗ ಅಂಜಿಕಿ ಬಂದಿತ್ತು. ನೀ ಬ್ಯಾಡ ಅಂದದ್ದು ನನಗ ಬೇಕಾಗಿತ್ತು."

ಇಂದುಬಾಯಿ ಬೆರಳಿಗೆ ಸುತ್ತಿದ್ದ ಸೆರಗಿನ ತುದಿಯನ್ನು ಬಿಚ್ಚಿದಳು.

"ಪದ್ಮಾವತಿ ಅಮ್ಮ ಹೂವು ಹಿಡದು ಕೂತಿದ್ಲು," ಎಂದಳು. "ನೀ ಅದನ್ನ ಎಡಕ್ಕ ಕೆಡವಿದಿ. ಮ್ಯಾಲ ಅದನ್ನ ನನ್ನ ಕೈಯಾಗ ಇಟ್ಟಿ."

ಅವನು ತಲೆ ಎತ್ತಲಿಲ್ಲ. "ಇನ್ನರೆ ಬೆಲ್ಲ ತಿನ್ನವ್ವಾ," ಎಂದ. "ಅದು ನಿನ್ನ ತಪ್ಪಲ್ಲ."

"ಮುನಿಗಳ ಮುಂದ ಬಿಟ್ಟದ್ದು. ಲೆಕ್ಕ ತಪ್ಪಿತ್ತು ಅಂತ ತಿರಗಿ ಹಿಡ್ಯಾಕ ಬರೂದಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರಿ ದಣಿವಿತ್ತು. ಇಷ್ಟು ವರ್ಷ ತಡಮಾಡಿದ್ದಕ್ಕೆ ಇದೂ ಸೇರಿತಲ್ಲ ಎಂದುಕೊಂಡ ಧನ್ಯಕುಮಾರ. ಭಾರ ತನ್ನದೆಂದು ಗೊತ್ತಾದ ಮೇಲೂ ಅವಳೇ ಅದನ್ನು ಹೊರಬೇಕು.

ಅವನು ಬಾಗಿ ಅವಳ ಪಾದ ಮುಟ್ಟಿದ. ಇಂದುಬಾಯಿಯ ಕೈ ಅವನ ತಲೆಯ ಮೇಲೆ ಬರಲಿಲ್ಲ. ಪಾದಗಳನ್ನೂ ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆಮೇಲೆ ಕೇಳಿದಳು:

"ಇದನ್ನ ವರ್ಷಾ ಕಲಸ್ತಿಯೇನು?"

"ಕಲಸ್ತೇನಿ."

"ಒಬ್ಬ ಪೇಶೆಂಟ್ ಅಂತ?"

"ಹೂಂ."

"ಅವರಿಗೆ ಒಂದು ಹೆಸರಿತ್ತು," ಎಂದಳು. "ಹೆಸರು ಹೇಳಿ ಕಲಸು." ಎದ್ದು ಒಳಗೆ ಹೋದಳು. ಮಧ್ಯಾಹ್ನ ಅವನಿಗೆ ಕೊಟ್ಟ ಚಾದಲ್ಲಿ ಎಂದಿನಂತೆಯೇ ಬೆಲ್ಲವಿತ್ತು. ಕೂತು ಪೂರ್ತಿ ಕುಡಿದ.

ಮರುದಿನ ಕ್ಲಾಸಿನಲ್ಲಿ ಧನ್ಯಕುಮಾರ ಹಾಜರಿ ಕರೆಯದೆ ಬೋರ್ಡಿನ ಕಡೆ ತಿರುಗಿದ. ಬಾಣದ ಮೊನೆಯಂಥ ಆವರಣಗಳನ್ನು ಎಳೆದ. x ಇರಬೇಕಾದ ಜಾಗದಲ್ಲಿ ಸುಣ್ಣದ ಕೋಲು ಸ್ವಲ್ಪ ಹೊತ್ತು ನಿಂತಿತು.

⟨ನೇಮಣ್ಣ, 0.4, 0.3⟩

ಹಿಂದಿನ ಬೆಂಚಿನಿಂದ ಯಾರೋ "ಹತ್ತರಾಗ ನಾಕು" ಎಂದು ಪಿಸುಗುಟ್ಟಿದರು. ಮುತ್ತಪ್ಪ ನಗಲು ಬಾಯಿ ತೆರೆದವನು ಮಾಸ್ತರರ ಮುಖ ನೋಡಿ ಮುಚ್ಚಿದ.

"ಮಾಲಾ, ಆ ಪೇಶೆಂಟ್ ಏನಾದ್ರು ಅಂತ ಕೇಳಿದ್ದಿ ಅಲ್ಲಾ," ಎಂದ ಧನ್ಯಕುಮಾರ. "ಅವರು ನಮ್ಮಪ್ಪ. ಆಪರೇಷನ್ ಆಗಲಿಲ್ಲ. ಮನ್ಯಾಗ ಕೇಳಿದಾಗ ನಾ ಒಂದ ಸಂಖ್ಯೆ ಹೇಳಿದ್ನಿ."

ಮಾಲಾಳ ಕೈ ಮೆಲ್ಲಗೆ ಬಾಯಿಗೆ ಹೋಯಿತು. ನಿನ್ನೆ ತಾನು ಯಾರ ಮುಂದೆ ಏನು ಹೇಳಿದೆನೆಂದು ಅವಳಿಗೆ ಹೊಳೆದಿತ್ತು. ಅವಳು ಏಳಲು ಹೋದಾಗ ಅವನು ಕೂರುವಂತೆ ಕೈ ಮಾಡಿದ.

"ನಿಂದೇನೂ ತಪ್ಪಿಲ್ಲ. ಬರಕೋರಿ," ಎಂದ. ಆವರಣದ ಹೊರಗೆ, ಪದ್ಧತಿಯಲ್ಲಿ ಇಲ್ಲದಿದ್ದರೂ, ಯಾರಿಗೂ ಗೊತ್ತಿಲ್ಲದ ಮೂರನೆಯದನ್ನೂ ಬರೆದ: 0.3. ಈ ಸಲ ಅದನ್ನು ಓದುವವರೇ ಕಳೆದು ತೆಗೆದುಕೊಳ್ಳಲಿ ಎಂದು ಬಿಡಲಿಲ್ಲ.